ಅಪ್ಪ ಹೇಳಿದ್ದು ‘ಒತ್ತಿ ಬಿಡು’, ಕಾರು ಹೇಳುವುದು ‘ಒತ್ತಿ ಹಿಡಿ’

ಗದಗಿನಿಂದ ಡಂಬಳದ ಮೇಲೆ ಹಾಯ್ದು ಮುಂಡರಗಿಗೆ ಹೋಗುವ ರಸ್ತೆ. ಮುಂಗಾರಿನ ಹೆಸರು ಕಟಾವಿಗೆ ಬಂದ ದಿನಗಳಲ್ಲಿ ಇಲ್ಲಿ ಅಲ್ಲಲ್ಲಿ ಅರ್ಧ ಡಾಂಬರು ಕಾಣುವುದೇ ಇಲ್ಲ. ಕಿತ್ತು ತಂದ ಹೆಸರಿನ ಗಿಡವನ್ನು ರೈತರು ರಸ್ತೆಯ ಒಂದು ಬದಿಗೆ ಉದ್ದಕ್ಕೂ ಹರವಿರುತ್ತಾರೆ. ಬಸ್ಸು, ಲಾರಿ, ಕಾರು ಅದರ ಮೇಲೆ ಹಾಯ್ದಷ್ಟೂ ಕಾಯಿ ಒಡೆದು ಕಾಳು ಉದುರುತ್ತದೆ. ಕಣ ಮಾಡುವ ಖರ್ಚಿಲ್ಲ, ಎತ್ತು ಕಟ್ಟಿ ತುಳಿಸುವ ತಾಪತ್ರಯವಿಲ್ಲ. ಹಿಂಗಾರಿಯಲ್ಲಿ ಇದೇ ಜಾಗಕ್ಕೆ ಕಡಲೆ, ಹುರುಳಿ ಬರುತ್ತವೆ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ರಸ್ತೆಗಳ ಕಥೆಯೂ ಬೇರೆಯಲ್ಲ.

ಹಾಗೆ ಹಾಯುವ ಕಾರಿನ ಎಡಗಡೆಯ ಎರಡು ಗಾಲಿ ಹೊಟ್ಟಿನ ಮೇಲೆ, ಬಲಗಡೆಯ ಎರಡು ಗಾಲಿ ಒಣ ಡಾಂಬರಿನ ಮೇಲೆ. ಆಗಲೇ ಎದುರಿಗೆ ಕುರಿಹಿಂಡು ಅಡ್ಡ ಬಂತೆನ್ನಿ. ಚಾಲಕ ಬ್ರೇಕನ್ನು ಬಲವಾಗಿ ತುಳಿಯುತ್ತಾನೆ. ಬಲಗಾಲಿಗಳು ನೆಲವನ್ನು ಹಿಡಿಯುತ್ತವೆ, ಎಡಗಾಲಿಗಳು ಕಾಳಿನ ಮೇಲೆ ಜಾರುತ್ತವೆ. ಒಂದು ಬದಿಗೆ ಹಿಡಿತ, ಇನ್ನೊಂದು ಬದಿಗೆ ಜಾರಿಕೆ. ಕಾರು ಬಲಕ್ಕೆ ಗಿರಕಿ ಹೊಡೆಯುತ್ತದೆ. ಬಲಕ್ಕೆ ಎಂದರೆ ಎದುರಿನಿಂದ ಬಸ್ಸು ಬರುವ ಕಡೆಗೆ.

ಕಾರು ತಯಾರಿಸುವವರು ತಮ್ಮ ಪರೀಕ್ಷಾ ಮೈದಾನಗಳಲ್ಲಿ ಒಂದು ಬದಿಗೆ ನೀರು ಹರಿಯುವ ನುಣುಪು ಹಾಸು, ಇನ್ನೊಂದು ಬದಿಗೆ ಒಣ ಡಾಂಬರು ಹಾಕಿ ಇಂಥದೇ ರಸ್ತೆಯನ್ನು ಬಹಳ ಖರ್ಚು ಮಾಡಿ ಕಟ್ಟಿಕೊಂಡಿರುತ್ತಾರೆ. ಮುಂಡರಗಿ ರಸ್ತೆಯಲ್ಲಿ ಅದು ಸುಗ್ಗಿಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಇತ್ತೀಚಿನ ಕಾರುಗಳ ಹೊಟ್ಟೆಯಲ್ಲಿ ಕುಳಿತಿರುವ ಪುಟ್ಟ ಗಣಕಗಳು ಈ ಗಿರಕಿಯನ್ನು ಮೊಳಕೆಯಲ್ಲೇ ಚಿವುಟಬಲ್ಲವು. ಆದರೆ ಅದಕ್ಕೆ ಚಾಲಕನ ಪಾದ ಒಂದು ಹಳೆಯ ಪಾಠವನ್ನು ಮರೆಯಬೇಕಾಗುತ್ತದೆ.

ನಾಲ್ಕು ಅಂಗೈ ಜಾಗ

ಸಣ್ಣ ಕಾರೊಂದರ ತೂಕ ಒಂದು ಟನ್ನಿನ ಆಸುಪಾಸು. ಅಷ್ಟು ಭಾರ ನೆಲಕ್ಕೆ ತಾಗುವುದು ನಾಲ್ಕೇ ಕಡೆ. ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಓಡುವುದು, ನಿಲ್ಲುವುದು, ತಿರುಗುವುದು ಈ ಮೂರೂ ಕೆಲಸ ನಡೆಯಬೇಕಾದದ್ದು ಆ ನಾಲ್ಕು ಅಂಗೈಗಳ ಘರ್ಷಣೆಯಿಂದಲೇ.

ಘರ್ಷಣೆಯನ್ನು ಮನೆಯ ತಿಂಗಳ ಪಗಾರಕ್ಕೆ ಹೋಲಿಸಬಹುದು. ಬರುವುದು ಇಷ್ಟೇ ಎಂದು ಗೊತ್ತು. ಎಲ್ಲವನ್ನೂ ಕಿರಾಣಿ ಅಂಗಡಿಗೆ ಸುರಿದರೆ ಮಕ್ಕಳ ಫೀಜಿಗೆ ಏನೂ ಉಳಿಯುವುದಿಲ್ಲ. ಹಾಗೆಯೇ ಟೈರಿನ ಹಿಡಿತವನ್ನೆಲ್ಲ ಬ್ರೇಕೇ ನುಂಗಿದರೆ ತಿರುಗಲು ಹಿಡಿತ ಉಳಿಯುವುದಿಲ್ಲ. ಗಾಲಿ ಪೂರ್ತಿ ನಿಂತು ಬರೀ ಜಾರತೊಡಗಿದ ಕಾರಿನಲ್ಲಿ ಸ್ಟಿಯರಿಂಗನ್ನು ಎಷ್ಟು ತಿರುವಿದರೂ ಅದು ಹೊರಟ ದಿಕ್ಕಿಗೇ ಹೋಗುವುದು ಇದಕ್ಕೇ.

ಪಗಾರ ಕೊಡುವ ಧಣಿ ರಸ್ತೆ. ಅವನ ಮನಸ್ಸು ಗಳಿಗೆಗೊಮ್ಮೆ ಬದಲಾಗುತ್ತದೆ. ಒಣ ಡಾಂಬರಿನಲ್ಲಿ ಘರ್ಷಣಾ ಗುಣಾಂಕ 0.7ರ ಸುತ್ತಮುತ್ತ. ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವಾಗ ಎರಡೂ ಕಡೆ ಎರೆ ಹೊಲಗಳಿವೆ. ಮಳೆ ಬಂದು ಹೋದ ಮೇಲೆ ಹೊಲದಿಂದ ಮೇಲೆ ಬಂದ ಟ್ರ್ಯಾಕ್ಟರು ತನ್ನ ಗಾಲಿಗೆ ಮೆತ್ತಿದ ಕರಿಮಣ್ಣನ್ನು ರಸ್ತೆಯ ಮೇಲೆ ಉದುರಿಸಿಕೊಂಡು ಹೋಗುತ್ತದೆ. ಅದರ ಮೇಲೆ ಒಂದು ತುಂತುರು ಬಿದ್ದರೆ ಸಾಕು, ಬೆಣ್ಣೆ ಸವರಿದಂತೆ. ಅಲ್ಲಿ ಗುಣಾಂಕ 0.2ಕ್ಕೂ ಇಳಿಯಬಹುದು.

ಪಿಯುಸಿ ವಿದ್ಯಾರ್ಥಿಗಳು ಉಳಿದದ್ದನ್ನು ತಾವೇ ಲೆಕ್ಕ ಹಾಕಬಹುದು. ವೇಗದ ವರ್ಗವನ್ನು ಘರ್ಷಣಾ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲಲು ಬೇಕಾದ ದೂರ ಸಿಗುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಒಣ ಡಾಂಬರಿನಲ್ಲಿ ಸುಮಾರು 20 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಹಸಿ ಎರೆಯಲ್ಲಿ ಅದೇ ಕಾರಿಗೆ 70 ಮೀಟರ್ ಬೇಕು. ವೇಗ 80ಕ್ಕೆ ಏರಿದರೆ ಇವು 36 ಮತ್ತು 126 ಮೀಟರ್ ಆಗುತ್ತವೆ. ಅಪಾಯ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಓಡಿದ ದೂರ ಬೇರೆ. ಈ ಲೆಕ್ಕದಲ್ಲಿ ಕಾರಿನ ಬೆಲೆ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು.

ಹಲ್ಲು ಎಣಿಸುವ ಗಣಕ

ಅಂಬಾಸಿಡರ್, ಜೀಪುಗಳ ಕಾಲದಲ್ಲಿ ಕಾರು ಕಲಿತ ತಂದೆಯರು ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೊಂದು: “ಒಮ್ಮೆಲೇ ಒತ್ತಬ್ಯಾಡಲೇ ತಮ್ಮಾ. ಒತ್ತಿ ಬಿಡು, ಒತ್ತಿ ಬಿಡು.” ಆ ಕಾಲಕ್ಕೆ ಇದು ಅಪ್ಪಟ ಜಾಣತನ. ಒತ್ತಿದಾಗ ವೇಗ ಇಳಿಯುತ್ತದೆ, ಬಿಟ್ಟಾಗ ಗಾಲಿ ಮತ್ತೆ ತಿರುಗಿ ಸ್ಟಿಯರಿಂಗಿಗೆ ಜೀವ ಬರುತ್ತದೆ. ನುರಿತ ಚಾಲಕನ ಕಾಲು ಸೆಕೆಂಡಿಗೆ ಎರಡು ಮೂರು ಸಲ ಹೀಗೆ ಆಡಬಹುದು. ಅದೂ ನಾಲ್ಕೂ ಗಾಲಿಗಳಿಗೆ ಒಂದೇ ಸಲಕ್ಕೆ, ಒಂದೇ ಅಳತೆಯಲ್ಲಿ.

ಎಬಿಎಸ್ ಎಂಬ ಮೂರಕ್ಷರದ ವ್ಯವಸ್ಥೆ ಮಾಡುವುದೂ ಇದನ್ನೇ. ಆದರೆ ಒಂದೊಂದು ಗಾಲಿಗೂ ಬೇರೆ ಬೇರೆಯಾಗಿ, ಸೆಕೆಂಡಿಗೆ ಹತ್ತಾರು ಸಲ. ಪ್ರತಿ ಗಾಲಿಯ ಒಳಬದಿಗೆ ಒಂದು ಹಲ್ಲುಬಳೆ, ಅದರ ಪಕ್ಕದಲ್ಲಿ ಕಾಯಿಸಿದ್ದಪಡಿಸಿದಂತೆ ಅಲುಗಾಡದೆ ಕುಳಿತ ಒಂದು ಅಯಸ್ಕಾಂತೀಯ ಸೆನ್ಸರ್. ಹಲ್ಲೊಂದು ಎದುರು ಹಾಯ್ದಾಗಲೆಲ್ಲ ಸೆನ್ಸರಿನಲ್ಲಿ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಬಳೆಗೆ 48 ಹಲ್ಲು ಎಂದಿಟ್ಟುಕೊಂಡರೆ, 80 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಗಾಲಿ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುವುದರಿಂದ ಗಣಕಕ್ಕೆ ಸೆಕೆಂಡಿಗೆ 576 ಮಿಡಿತ ತಲುಪುತ್ತವೆ. ನಾಲ್ಕು ಗಾಲಿಗಳಿಂದ ನಾಲ್ಕು ಲೆಕ್ಕ.

ಎಡಮುಂಗಾಲಿಯ ಮಿಡಿತ ಏಕಾಏಕಿ ಕಡಿಮೆಯಾಯಿತೆಂದರೆ ಆ ಗಾಲಿ ನಿಂತು ಜಾರುವ ಹಂತಕ್ಕೆ ಬಂದಿದೆ ಎಂದು ಅರ್ಥ. ಗಣಕ ಆ ಗಾಲಿಗೆ ಹೋಗುವ ಬ್ರೇಕ್ ಎಣ್ಣೆಯ ದಾರಿಯ ಕವಾಟ ಮುಚ್ಚುತ್ತದೆ. ಚಾಲಕ ಎಷ್ಟೇ ತುಳಿದರೂ ಅಲ್ಲಿ ಒತ್ತಡ ಏರುವುದಿಲ್ಲ. ಆದರೂ ಗಾಲಿ ಚೇತರಿಸಿಕೊಳ್ಳದಿದ್ದರೆ ಇನ್ನೊಂದು ಕವಾಟ ತೆರೆದು ಒತ್ತಡ ಇಳಿಸುತ್ತದೆ. ಗಾಲಿ ತಿರುಗತೊಡಗಿತೋ, ಪಂಪು ಮತ್ತೆ ಒತ್ತಡ ಕೂಡಿಸುತ್ತದೆ. ತಡೆ, ಇಳಿಸು, ಏರಿಸು. ಕಾರು ನಿಲ್ಲುವವರೆಗೂ ಇದೇ ಆಟ. ಗಾಲಿಯನ್ನು ಪೂರ್ತಿ ಜಾರದಂತೆ ಇಡುವುದಷ್ಟೇ ಗುರಿಯಲ್ಲ. ಟೈರಿನ ಹಿಡಿತ ಅತಿ ಹೆಚ್ಚಾಗಿರುವುದು ಅದು ಚೂರೂ ಜಾರದಿದ್ದಾಗ ಅಲ್ಲ, ಶೇ. 10ರಿಂದ 20ರಷ್ಟು ಜಾರುತ್ತಿರುವಾಗ. ಗಣಕ ಆ ಸಣ್ಣ ಕಿಟಕಿಯೊಳಗೇ ಗಾಲಿಯನ್ನು ಕುಣಿಸುತ್ತದೆ.

ಈ ವಿಚಾರ ಹುಟ್ಟಿದ್ದು ಕಾರಿಗಾಗಿ ಅಲ್ಲ. ಓಡುಪಟ್ಟಿಯ ಮೇಲೆ ಇಳಿಯುವ ವಿಮಾನದ ಗಾಲಿ ಜಾರಿ ಟೈರು ಹರಿಯಬಾರದೆಂದು 1950ರ ದಶಕದಲ್ಲಿಯೇ ಯಾಂತ್ರಿಕ ಸಾಧನಗಳು ಬಂದಿದ್ದವು. ಕಾರಿಗೆ ವಿದ್ಯುನ್ಮಾನ ಎಬಿಎಸ್ ಪಕ್ಕಾ ರೂಪದಲ್ಲಿ ಬಂದದ್ದು 1978ರಲ್ಲಿ, ಜರ್ಮನಿಯ ಬಾಷ್ ಕಂಪನಿ ಮರ್ಸಿಡಿಸ್ ಕಾರಿಗೆ ಮಾಡಿಕೊಟ್ಟಾಗ. ಕರ್ನಾಟಕದ ಹಿರಿಯರಿಗೆ ಈ ಬಾಷ್ ಪರಿಚಿತವೇ. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ‘ಮೈಕೋ’ ಅದರ ಕೂಸು. ಇಂದು ಬಾಷ್ ಮತ್ತು ಮರ್ಸಿಡಿಸ್ ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ತಂತ್ರಾಂಶ ಕೇಂದ್ರಗಳಿವೆ. ಗದಗ, ಹುಲಕೋಟಿ, ಲಕ್ಷ್ಮೇಶ್ವರಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವವರಿಗೆ ಈ ವಿದ್ಯೆ ಸಾತ್ ಸಮುದ್ರದಾಚೆಯದೇನಲ್ಲ.

ಎಬಿಎಸ್ ಕೆಲಸ ಮಾಡುವಾಗ ಪಾದದಡಿ ಪೆಡಲು ಗಡಗಡ ನಡುಗುತ್ತದೆ, ಬಾನೆಟ್ಟಿನೊಳಗಿಂದ ಗರಗರ ಸಪ್ಪಳ ಬರುತ್ತದೆ. ಎಣ್ಣೆಯ ಒತ್ತಡ ಏರಿಳಿಯುವುದರ ಸಪ್ಪಳ ಅದು. ಗೊತ್ತಿಲ್ಲದವರು “ಏನೋ ಮುರೀತು” ಎಂದು ಬೆದರಿ ಕಾಲು ತೆಗೆದುಬಿಡುತ್ತಾರೆ. ಅಥವಾ ಹಳೆಯ ಪಾಠದಂತೆ ಒತ್ತಿ ಬಿಡತೊಡಗುತ್ತಾರೆ. ಎರಡೂ ತಪ್ಪು. ಬಿಟ್ಟಾಗಲೆಲ್ಲ ಗಣಕದ ಕೈಗೆ ಒತ್ತಡವೇ ಸಿಗುವುದಿಲ್ಲ, ನಿಲ್ಲುವ ದೂರ ಹೆಚ್ಚುತ್ತದೆ. ಎಬಿಎಸ್ ಇರುವ ಕಾರಿನಲ್ಲಿ ಅಪಾಯ ಕಂಡಾಗ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಬೇಕು, ಕಣ್ಣು ಮತ್ತು ಸ್ಟಿಯರಿಂಗು ಖಾಲಿ ಜಾಗದ ಕಡೆಗಿರಬೇಕು. ತಂದೆಯ ಪಾಠ ಸುಳ್ಳಾಯಿತೆಂದಲ್ಲ, ಅದನ್ನು ಮಾಡುವ ಕೆಲಸ ಕಾಲಿನಿಂದ ಕವಾಟಕ್ಕೆ ಹೋಯಿತು. ಮನೆಯಲ್ಲಿ ಹಳೆಯ ಗಾಡಿಯೊಂದು, ಹೊಸದೊಂದು ಇದ್ದರೆ ಎರಡಕ್ಕೂ ಎರಡು ಪಾಠ ನೆನಪಿಡಬೇಕು ಎಂಬುದು ಮಾತ್ರ ನಿಜವಾದ ತಲೆನೋವು.

ಒಂದು ಮಿತಿಯನ್ನೂ ಇಲ್ಲಿಯೇ ಹೇಳಬೇಕು. ಸಡಿಲ ಗರಸು, ಜಲ್ಲಿ ಹರವಿದ ರಸ್ತೆಯಲ್ಲಿ ಎಬಿಎಸ್ ಕಾರು ಕೆಲವೊಮ್ಮೆ ತುಸು ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಅಲ್ಲಿ ಪೂರ್ತಿ ನಿಂತ ಗಾಲಿ ತನ್ನ ಮುಂದೆ ಜಲ್ಲಿಯ ಗುಡ್ಡೆ ಒಟ್ಟಿಕೊಂಡು ಅದಕ್ಕೇ ಆನಿಕೊಳ್ಳುತ್ತದೆ. ತಿರುಗುತ್ತಲೇ ಇರುವ ಗಾಲಿಗೆ ಆ ಲಾಭವಿಲ್ಲ. ಬದಲಿಗೆ ಸಿಗುವುದು ತಿರುಗಿಸುವ ಶಕ್ತಿ.

ಕಪ್ಪತಗುಡ್ಡದ ಗಾಳಿಯಂತ್ರ, ಟ್ರ್ಯಾಕ್ಟರಿನ ಎರಡು ಬ್ರೇಕು

ಕಪ್ಪತಗುಡ್ಡದ ನೆತ್ತಿಯ ಗಾಳಿಯಂತ್ರಗಳನ್ನು ಈ ಭಾಗದ ಮಕ್ಕಳೆಲ್ಲ ನೋಡಿದ್ದಾರೆ. ರೆಕ್ಕೆ ತಿರುಗುವುದು ಎಲ್ಲರಿಗೂ ಕಾಣುತ್ತದೆ. ಆದರೆ ಗಾಳಿಯ ದಿಕ್ಕು ಬದಲಾದಂತೆ ಕಂಬದ ತುದಿಯ ಇಡೀ ತಲೆಯೇ ನಿಧಾನವಾಗಿ ಮುಖ ತಿರುಗಿಸುತ್ತದೆ. ಕಂಬವನ್ನೇ ಅಚ್ಚು ಮಾಡಿಕೊಂಡು ಹೀಗೆ ಎಡಕ್ಕೋ ಬಲಕ್ಕೋ ತಿರುಗುವುದಕ್ಕೆ ಎಂಜಿನಿಯರುಗಳು ‘ಯಾ’ ಎನ್ನುತ್ತಾರೆ. ಕಾರಿನ ನಡುಮಧ್ಯೆ ನೆತ್ತಿಯಿಂದ ನೆಲಕ್ಕೆ ಒಂದು ಕಂಬ ನೆಟ್ಟಿದೆ ಎಂದು ಊಹಿಸಿಕೊಂಡರೆ, ಕಾರು ಅದರ ಸುತ್ತ ತಿರುಗುವುದೂ ‘ಯಾ’ ಚಲನೆಯೇ. ಗಾಳಿಯಂತ್ರದಲ್ಲಿ ಅದು ಬೇಕಾದ ತಿರುಗಾಟ, ಕಾರಿನಲ್ಲಿ ಅಳತೆ ಮೀರಿದರೆ ಗಿರಕಿ.

ಎಬಿಎಸ್‌ಗೆ ಗಾಲಿಗಳ ವೇಗ ಗೊತ್ತು, ಕಾರು ಯಾವ ಕಡೆ ಮುಖ ಮಾಡಿದೆ ಎಂಬುದು ಗೊತ್ತಿಲ್ಲ. ಆ ಕೊರತೆ ತುಂಬಲು ಬಂದದ್ದು ವಿದ್ಯುನ್ಮಾನ ಸ್ಥಿರತಾ ನಿಯಂತ್ರಣ, ಸಂಕ್ಷೇಪವಾಗಿ ಇಎಸ್‌ಸಿ. ಸ್ಟಿಯರಿಂಗಿನ ಕಂಬದಲ್ಲಿ ಒಂದು ಸೆನ್ಸರ್ ಕುಳಿತು ‘ಚಾಲಕ ಎಲ್ಲಿಗೆ ಹೋಗಬೇಕೆಂದಿದ್ದಾನೆ’ ಎಂಬುದನ್ನು ಅಳೆಯುತ್ತದೆ. ಕಾರಿನ ನಡುಭಾಗದಲ್ಲಿ ಇನ್ನೊಂದು ಕುಳಿತು ‘ಕಾರು ನಿಜವಾಗಿ ಎಷ್ಟು ಬೇಗ ಮುಖ ತಿರುಗಿಸುತ್ತಿದೆ, ಪಕ್ಕಕ್ಕೆ ಎಷ್ಟು ಜಗ್ಗುತ್ತಿದೆ’ ಎಂಬುದನ್ನು ಅಳೆಯುತ್ತದೆ. ಸಿಲಿಕಾನ್ ಚೂರಿನೊಳಗೆ ಸದಾ ಕಂಪಿಸುವ ಒಂದು ಸೂಕ್ಷ್ಮ ನಾಲಗೆ ಅದು. ಕಾರು ತಿರುಗಿದರೆ ಕಂಪನ ಓರೆಯಾಗುತ್ತದೆ, ಓರೆ ಎಷ್ಟೆಂಬುದೇ ಅಳತೆ. ಮೊಬೈಲನ್ನು ಅಡ್ಡ ಹಿಡಿದು ಕಾರ್ ರೇಸ್ ಆಡುವ ಹುಡುಗರ ಕೈಯಲ್ಲಿಯೂ ಇದರದೇ ಸಣ್ಣ ತಮ್ಮನಿದ್ದಾನೆ. ಚಾಲಕನ ಬಯಕೆ, ಕಾರಿನ ನಡೆ ಇವೆರಡನ್ನೂ ಗಣಕ ಸೆಕೆಂಡಿಗೆ ಸುಮಾರು 25 ಸಲ ತಾಳೆ ನೋಡುತ್ತದೆ. ತಾಳೆಯಾದರೆ ಸುಮ್ಮನಿರುತ್ತದೆ. ಆಗದಿದ್ದರೆ?

ಉತ್ತರ ಮುಂಡರಗಿ, ಶಿರಹಟ್ಟಿ ಸೀಮೆಯ ಹೊಲಗಳಲ್ಲಿಯೇ ಇದೆ. ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲು ಎರಡು. ಎಡಹಿಂಗಾಲಿಗೆ ಒಂದು, ಬಲಹಿಂಗಾಲಿಗೆ ಒಂದು. ಸಾಲು ಮುಗಿದು ಬದುವಿನ ಹತ್ತಿರ ತಿರುಗಿಸಿಕೊಳ್ಳುವಾಗ ರೈತ ಎಡಬ್ರೇಕನ್ನಷ್ಟೇ ತುಳಿಯುತ್ತಾನೆ. ಎಡಗಾಲಿ ನಿಂತಲ್ಲೇ ನಿಲ್ಲುತ್ತದೆ, ಬಲಗಾಲಿ ಓಡುತ್ತದೆ, ಟ್ರ್ಯಾಕ್ಟರು ಗಕ್ಕನೆ ಎಡಕ್ಕೆ ಹೊರಳುತ್ತದೆ. ರಸ್ತೆಗೆ ಬಂದ ಕೂಡಲೇ ಎರಡೂ ಪೆಡಲುಗಳನ್ನು ಚಿಲಕ ಹಾಕಿ ಜೋಡಿಸುವುದು ಯಾಕೆಂದರೆ, ವೇಗದಲ್ಲಿ ಒಂದೇ ಬದಿ ಹಿಡಿದರೆ ಗಾಡಿ ಪಲ್ಟಿ. ಇಎಸ್‌ಸಿ ಮಾಡುವುದು ಈ ಒಂದೇ ಬದಿ ಹಿಡಿಯುವ ಕೆಲಸವನ್ನೇ, ಆದರೆ ಅಳತೆಯಿಂದ, ಗಿರಕಿಗೆ ಎದುರು ದಿಕ್ಕಿನಲ್ಲಿ.

ಎಡತಿರುವಿನಲ್ಲಿ ವೇಗ ಹೆಚ್ಚಾಗಿ ಕಾರಿನ ಹಿಂಭಾಗ ಹೊರಕ್ಕೆ ಜಾರಿ ಮೂತಿ ಅತಿಯಾಗಿ ಎಡಕ್ಕೆ ತಿರುಗಿತೆನ್ನಿ. ಗಣಕ ಹೊರಬದಿಯ, ಅಂದರೆ ಬಲಮುಂಗಾಲಿಯ ಬ್ರೇಕನ್ನು ಹಿಡಿಯುತ್ತದೆ. ಕಾರು ಬಲಕ್ಕೆ ಎಳೆದಂತಾಗಿ ಗಿರಕಿ ತಣಿಯುತ್ತದೆ. ಇದರ ಉಲ್ಟಾ, ಸ್ಟಿಯರಿಂಗು ತಿರುವಿದರೂ ಮೂತಿ ತಿರುಗದೆ ಕಾರು ನೆಟ್ಟಗೆ ಗಟಾರದತ್ತ ಹೊರಟರೆ, ಒಳಬದಿಯ ಎಡಹಿಂಗಾಲಿಯನ್ನು ಹಿಡಿದು ಮೂತಿಯನ್ನು ಒಳಕ್ಕೆ ತರುತ್ತದೆ. ಜೊತೆಗೆ ಎಂಜಿನ್ನಿನ ಜೋರನ್ನೂ ಕಡಿಮೆ ಮಾಡುತ್ತದೆ. ಚಾಲಕ ಬ್ರೇಕನ್ನು ಮುಟ್ಟಿರಲೇಬೇಕೆಂದಿಲ್ಲ. ಒಂದೇ ಗಾಲಿಗೆ ಬ್ರೇಕು ಹಾಕುವುದು ಮನುಷ್ಯನಿಗೆ ಸಾಧ್ಯವೂ ಇಲ್ಲ, ಕಾರಿಗಿರುವ ಬ್ರೇಕ್ ಪೆಡಲು ಒಂದೇ. ಎಬಿಎಸ್ ಕಾಲಿನ ಕೆಲಸವನ್ನು ಚುರುಕಾಗಿ ಮಾಡಿದರೆ, ಇಎಸ್‌ಸಿ ಯಾವ ಕಾಲಿಗೂ ಆಗದ್ದನ್ನು ಮಾಡುತ್ತದೆ.

ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಫ್ರಾಂಕ್ ವೆರ್ನರ್ ಮೋನ್ 1989ರ ಚಳಿಗಾಲದಲ್ಲಿ ಸ್ವೀಡನ್ನಿನ ಹಿಮದ ರಸ್ತೆಯಲ್ಲಿ ಜಾರಿ ಕಾರಿನ ಸಮೇತ ಗುಂಡಿಗೆ ಬಿದ್ದಿದ್ದರು. ಎಳೆಯುವ ಗಾಡಿಗಾಗಿ ಕಾಯುತ್ತ ಕುಳಿತಾಗ, ಎಬಿಎಸ್ಸಿನ ಕವಾಟಗಳಿಗೆ ಕಾರಿನ ತಿರುಗಾಟದ ಲೆಕ್ಕವನ್ನೂ ಕೊಟ್ಟರೆ ಹೇಗೆ ಎಂಬ ವಿಚಾರ ಹೊಳೆಯಿತಂತೆ. ಬಾಷ್‌ನಲ್ಲಿ ಆಂಟನ್ ವಾನ್ ಝಾಂಟೆನ್ ಮತ್ತು ಸಂಗಡಿಗರು ಇದೇ ದಾರಿಯಲ್ಲಿದ್ದರು. 1995ರಲ್ಲಿ ಮರ್ಸಿಡಿಸ್ ಎಸ್ 600 ಕೂಪೆ ಎಂಬ ದುಬಾರಿ ಕಾರಿನಲ್ಲಿ ಇದು ರಸ್ತೆಗಿಳಿಯಿತು. ಶ್ರೀಮಂತರ ಕಾರಿನಲ್ಲಿಯೇ ಉಳಿದುಬಿಡುತ್ತಿತ್ತೋ ಏನೋ. ಎರಡು ವರ್ಷದ ನಂತರ ಒಂದು ಕಾರು ಮಗುಚಿ ಬಿತ್ತು.

ಸ್ವೀಡನ್ನಿನಲ್ಲಿ ಮೂಸ್ ಎಂಬ ಭಾರಿ ಕಡವೆಗಳು ರಸ್ತೆಗೆ ನುಗ್ಗುತ್ತವೆ. ಅಲ್ಲಿನ ಮೋಟಾರು ಪತ್ರಿಕೆಯೊಂದು ಹೊಸ ಕಾರುಗಳನ್ನು ‘ಮೂಸ್ ಅಡ್ಡ ಬಂದರೆ’ ಎಂಬಂತೆ ಥಟ್ಟನೆ ಪಕ್ಕಕ್ಕೆ ತಪ್ಪಿಸಿ, ಮತ್ತೆ ಸಾಲಿಗೆ ತಂದು ಪರೀಕ್ಷಿಸುವ ರೂಢಿ ಇಟ್ಟುಕೊಂಡಿತ್ತು. 1997ರ ಅಕ್ಟೋಬರಿನಲ್ಲಿ ಮರ್ಸಿಡಿಸ್‌ನ ಹೊಸ ಪುಟ್ಟ ಎ-ಕ್ಲಾಸ್ ಕಾರು ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಈ ಪರೀಕ್ಷೆಗೆ ನಿಂತು ಉರುಳಿಬಿತ್ತು. ಜಗತ್ತೆಲ್ಲ ನಕ್ಕಿತು. ಕಂಪನಿ ಮಾರಾಟ ನಿಲ್ಲಿಸಿ, ಮಾರಿದ ಕಾರುಗಳನ್ನೂ ವಾಪಸು ಕರೆಸಿ, ಎಲ್ಲಕ್ಕೂ ಇಎಸ್‌ಸಿ ಜೋಡಿಸಿತು. ಸಣ್ಣ ಕಾರಿಗೂ ಇದನ್ನು ಕೂಡಿಸಬಹುದೆಂದು ಆಗ ತಿಳಿಯಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಅಪಘಾತಗಳ ಲೆಕ್ಕ ತೆಗೆದಾಗ, ಒಂಟಿ ವಾಹನ ತಾನಾಗಿಯೇ ದಾರಿ ತಪ್ಪುವ ಅಪಘಾತಗಳು ಇಎಸ್‌ಸಿ ಇರುವ ಕಾರುಗಳಲ್ಲಿ ಶೇ. 34ರಷ್ಟು, ಎತ್ತರದ ಎಸ್‌ಯುವಿಗಳಲ್ಲಿ ಶೇ. 59ರಷ್ಟು ಕಡಿಮೆಯಾಗಿದ್ದವು. ವಾನ್ ಝಾಂಟೆನ್ ಅವರಿಗೆ 2016ರಲ್ಲಿ ಯುರೋಪಿನ ಸಂಶೋಧಕರ ಜೀವಮಾನ ಸಾಧನೆ ಪ್ರಶಸ್ತಿ ಬಂತು.

ಗದಗ ಜಿಲ್ಲೆಯಲ್ಲಿ ಮೂಸ್ ಇಲ್ಲ, ಜಿಂಕೆ ಇದೆ. ಬೆಳೆ ಮೇಯಲು ಬಂದ ಹಿಂಡು ಸಂಜೆಗತ್ತಲಲ್ಲಿ ರಸ್ತೆ ದಾಟುವಾಗ ಮೊದಲನೆಯದನ್ನು ತಪ್ಪಿಸಿದ ಚಾಲಕನಿಗೆ ಎರಡನೆಯದು ಸಿಗುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಳೆದ ಸ್ಟಿಯರಿಂಗಿನಿಂದ ಎತ್ತರದ ಗಾಡಿ ತೂಗಾಡುವುದು ಸ್ವೀಡನ್ನಿನ ಪರೀಕ್ಷೆಯಂತೆಯೇ.

ತಿರುವಿಗೂ ಒಂದು ಲೆಕ್ಕವಿದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಣ ಡಾಂಬರು ಗಂಟೆಗೆ 67 ಕಿ.ಮೀ. ತನಕ ಕಾರನ್ನು ಹಿಡಿದಿಡಬಲ್ಲದು. ಗುಣಾಂಕ 0.3ಕ್ಕೆ ಇಳಿದರೆ ಆ ಗಡಿ 44 ಕಿ.ಮೀ. ಅಲ್ಲಿಗೆ 70ರಲ್ಲಿ ನುಗ್ಗಿದ ಕಾರಿನ ಇಎಸ್‌ಸಿ ಮಾಡಬಹುದಾದದ್ದು ಇಷ್ಟೇ: ಗಿರಕಿ ಹೊಡೆಯದಂತೆ, ಮೂತಿ ಮುಂದಾಗಿಯೇ ಹೊಲಕ್ಕೆ ಇಳಿಸುವುದು. ಇರುವ ಪಗಾರವನ್ನು ಪೋಲಾಗದಂತೆ ಹಂಚುವ ಗೃಹಿಣಿ ಅದು, ನೋಟು ಮುದ್ರಿಸುವ ಟಂಕಸಾಲೆಯಲ್ಲ.

ಕಣ್ಣಿರುವ ಕಾರು

ಎಬಿಎಸ್, ಇಎಸ್‌ಸಿಗಳಿಗೆ ಸ್ಪರ್ಶವಿದೆ, ಕಣ್ಣಿಲ್ಲ. ಕಣ್ಣು ಕೊಡುವುದು ‘ಅಡಾಸ್’ ಎಂದು ಷೋರೂಮಿನ ಹುಡುಗರು ಉತ್ಸಾಹದಿಂದ ಹೇಳುವ ಚಾಲಕ ನೆರವಿನ ವ್ಯವಸ್ಥೆಗಳು. ಭಾರತದ ಜನಸಾಮಾನ್ಯರ ಬಾಯಿಗೆ ಈ ಪದ ಬಂದದ್ದು 2020ರಲ್ಲಿ ಎಂಜಿ ಗ್ಲಾಸ್ಟರ್, 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ 700 ಬಂದ ಮೇಲೆ. ಮುಂಗಾಜಿನ ಹಿಂದೆ ಒಂದು ಕ್ಯಾಮೆರಾ, ಮೂತಿಯಲ್ಲಿ ಒಂದು ರೇಡಾರು. ರೇಡಾರು 77 ಗಿಗಾಹರ್ಟ್ಸ್ ಆಸುಪಾಸಿನ ಅಲೆಯನ್ನು ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. 60 ಮೀಟರ್ ಮುಂದಿರುವ ಲಾರಿಗೆ ತಾಗಿ ಮರಳಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಅರ್ಧದಷ್ಟೂ ಅಲ್ಲ. ಲಾರಿ ಹತ್ತಿರವಾಗುತ್ತಿದ್ದರೆ ಮರಳಿದ ಅಲೆಯ ಕಂಪನಾಂಕ ಏರಿರುತ್ತದೆ. ಸ್ಟೇಷನ್ನಿಗೆ ಬರುವ ರೈಲಿನ ಸಿಳ್ಳು ಏರುದನಿಯಲ್ಲಿ ಕೇಳುವ ಡಾಪ್ಲರ್ ಪರಿಣಾಮವೇ ಇದು. ಡಿಕ್ಕಿ ಖಚಿತ ಎನಿಸಿದರೆ ಗಣಕ ಮೊದಲು ಚೀರುತ್ತದೆ, ಆಮೇಲೆ ತಾನೇ ಬ್ರೇಕು ಹಾಕುತ್ತದೆ. ಹಾಗೆ ಹಾಕಿದ ಬ್ರೇಕೂ ಅದೇ ಎಬಿಎಸ್ ಕವಾಟಗಳ ಮೂಲಕ, ಅದೇ ನಾಲ್ಕು ಅಂಗೈಗಳಿಗೇ ಬರಬೇಕು.

67ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ಗದಗಿಗೆ ಬರುವಾಗ ಬಿಳಿಗೆರೆ ಕಾಣುವಷ್ಟು ದೂರ ಕ್ಯಾಮೆರಾ ಕಾರನ್ನು ಸಾಲಿನಲ್ಲಿ ಇಡಲು ನೆರವಾದೀತು. ಒಳರಸ್ತೆಗೆ ಇಳಿದ ಮೇಲೆ ಗೆರೆಯೇ ಇಲ್ಲ, ಇದ್ದರೆ ಅದರ ಮೇಲೆ ಹುರುಳಿ ಇದೆ. ಇನ್ನು ಕಬ್ಬಿನ ಹಂಗಾಮು. ಮುಂಡರಗಿ ಕಡೆ ರಾತ್ರಿ ಹಿಂದೀಪವಿಲ್ಲದೆ ಹೋಗುವ, ಕೆಲವೊಮ್ಮೆ ಕೆಟ್ಟು ನಡುರಸ್ತೆಯಲ್ಲೇ ನಿಂತ ಟ್ರೇಲರುಗಳು. ಹೊರಚಾಚಿದ ಜಲ್ಲೆಗಳು ಕಾರಿನ ಗಾಜಿನ ಮಟ್ಟದಲ್ಲಿರುತ್ತವೆ. ನಿಂತ ವಾಹನ, ಪ್ರಾಣಿ, ಹೊರಚಾಚಿದ ಸರಕು ಇವನ್ನು ವ್ಯವಸ್ಥೆ ಗುರುತಿಸದೇ ಇರಬಹುದು ಎಂದು ಅನೇಕ ಕಾರುಗಳ ಕೈಪಿಡಿಗಳಲ್ಲೇ ಬರೆದಿರುತ್ತದೆ. ಆ ಪುಟವನ್ನು ತೆರೆಯುವವರು ಕಡಿಮೆ. ಬೆಟಗೇರಿಯ ಇಕ್ಕಟ್ಟಾದ ಓಣಿಗಳಲ್ಲಿ ಹಿಂದಕ್ಕೆ ತೆಗೆಯುವಾಗ ಕುಂಯ್ಗುಡುವ ಪಾರ್ಕಿಂಗ್ ಸೆನ್ಸರ್ ಮಾತ್ರ ದಿನಾಲೂ ತನ್ನ ಬೆಲೆ ತೀರಿಸುತ್ತದೆ.

ಎಲ್ಲ ನೆರವೂ ಇರುವ ಕಾರು ಎಂದರೆ ಕವಚಕುಂಡಲ ಎಂದುಕೊಳ್ಳುವವರು 2024ರ ಡಿಸೆಂಬರ್ 21ನ್ನು ನೆನಪಿಸಿಕೊಳ್ಳಬಹುದು. ಅಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ರಸ್ತೆ ವಿಭಜಕ ದಾಟಿ ಬಂದು ವೋಲ್ವೊ ಕಾರಿನ ಮೇಲೆ ಮಗುಚಿ, ಒಳಗಿದ್ದ ಒಂದೇ ಕುಟುಂಬದ 6 ಮಂದಿ ತೀರಿಕೊಂಡರು. ಸುರಕ್ಷತೆಗೇ ಹೆಸರಾದ ಕಾರು ಅದು. ಸೆನ್ಸರುಗಳಿಗೆ ಮಾಡಲು ಅಲ್ಲಿ ಏನೂ ಇರಲಿಲ್ಲ.

ಕೊಳ್ಳುವ ಮೊದಲು, ಕೊಂಡ ಮೇಲೆ

ಮಗನಿಗೋ ಮಗಳಿಗೋ ಲೈಸೆನ್ಸ್ ಬಂತೆಂದು ಹಳೆಯ ಕಾರು ನೋಡುವ ತಂದೆತಾಯಿ ಮೊದಲು ಕೇಳಬೇಕಾದದ್ದು ಹಾಡಿನ ಪೆಟ್ಟಿಗೆಯ ಬಗ್ಗೆ ಅಲ್ಲ. ಭಾರತದಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಅಗ್ಗದ ಮಾದರಿಗಳಲ್ಲಿ ಇಲ್ಲದಿರುವುದೇ ಹೆಚ್ಚು. 125 ಸಿ.ಸಿ. ಮೀರಿದ ಬೈಕುಗಳಿಗೂ ಆಗಲೇ ಎಬಿಎಸ್ ಬಂತು. ಇಎಸ್‌ಸಿಯನ್ನು ಒಂದೊಂದು ಕಂಪನಿ ಒಂದೊಂದು ಹೆಸರಿನಿಂದ ಕರೆಯುತ್ತದೆ: ಇಎಸ್‌ಪಿ, ವಿಎಸ್‌ಸಿ, ವಿಎಸ್‌ಎ. ಹೆಸರು ಯಾವುದಾದರೂ ಕೆಲಸ ಒಂದೇ. 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ನಕ್ಷತ್ರ ಅಥವಾ ಅದಕ್ಕೂ ಹೆಚ್ಚು ಬೇಕಿದ್ದರೆ ಕಾರಿನಲ್ಲಿ ಇಎಸ್‌ಸಿ ಇರಲೇಬೇಕು. ದುಡ್ಡು ಅಳೆದು ಸುರಿಯಬೇಕಾದ ಮನೆಯಲ್ಲಿ ಅಡಾಸ್, ಮೇಲ್ಛಾವಣಿಯ ಗಾಜಿನ ಕಿಟಕಿಗಳಿಗಿಂತ ಇಎಸ್‌ಸಿ ಮತ್ತು ಒಳ್ಳೆಯ ನಾಲ್ಕು ಟೈರು ಮೊದಲು ಬರಬೇಕು.

ಡ್ಯಾಷ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರ, ಹಿಂದೆ ಎರಡು ಹಾವಿನಂಥ ಗೆರೆ ಇರುವ ಹಳದಿ ದೀಪವೊಂದಿದೆ. ಅದು ಮಿಣುಕಿದರೆ ಇಎಸ್‌ಸಿ ಕೆಲಸ ಮಾಡುತ್ತಿದೆ, ರಸ್ತೆ ಕೈಕೊಡುತ್ತಿದೆ ಎಂದು ಅರ್ಥ. ಉರಿಯುತ್ತಲೇ ಇದ್ದರೆ ವ್ಯವಸ್ಥೆ ಬಂದಾಗಿದೆ ಅಥವಾ ಕೆಟ್ಟಿದೆ. ಎಬಿಎಸ್ ದೀಪ ಉರಿಯುತ್ತಲೇ ಇದ್ದರೆ ಸಾಮಾನ್ಯವಾಗಿ ಬ್ರೇಕು ಹಿಡಿಯುತ್ತದೆ, ಗಾಲಿ ಜಾರದಂತೆ ಕಾಯುವವರು ಇಲ್ಲ. ಆಗ ಅಪ್ಪನ ಹಳೆಯ ಪಾಠವೇ ಗತಿ. ಎರೆ ಮಣ್ಣು ಗಾಲಿಯ ಒಳಗೆ ಮೆತ್ತಿ ಒಣಗಿ ಸೆನ್ಸರಿನ ತಂತಿಯನ್ನು ಜಗ್ಗುತ್ತದೆ, ಇಲಿ ಕಡಿಯುವುದೂ ಉಂಟು. ಒಂದು ಗಾಲಿಗೆ ಮಾತ್ರ ಬೇರೆ ಅಳತೆಯ ಟೈರು ಹಾಕಿಸಿದರೆ ಆ ಗಾಲಿಯ ಲೆಕ್ಕ ಸದಾ ತಪ್ಪಾಗಿ ಗಣಕಕ್ಕೆ ಗೊಂದಲ. ಮುಂಗಾಜು ಬದಲಿಸಿದರೆ ಕ್ಯಾಮೆರಾದ ದೃಷ್ಟಿಯನ್ನು ಮತ್ತೆ ಹೊಂದಿಸಬೇಕು, ಆ ಸಲಕರಣೆ ಎಲ್ಲ ಗ್ಯಾರೇಜುಗಳಲ್ಲಿ ಇರುವುದಿಲ್ಲ. ಐಟಿಐ, ಡಿಪ್ಲೊಮಾ ಕಲಿಯುವ ಹುಡುಗರು ಪಾನಾದ ಜೊತೆಗೆ ಸ್ಕ್ಯಾನರ್ ಹಿಡಿಯುವುದನ್ನೂ ಕಲಿತರೆ ಕೆಲಸಕ್ಕೆ ಊರು ಬಿಡಬೇಕಾಗಿಲ್ಲ.

ಹೊಟ್ಟಿನ ಮೇಲೆ ಹಾಯುವಾಗ ಇನ್ನೊಂದು ಅಪಾಯವನ್ನು ಯಾವ ಸೆನ್ಸರೂ ಹೇಳುವುದಿಲ್ಲ. ಹುರುಳಿ ದಂಟು ಕಾರಿನ ಕೆಳಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರಿಗೆ ತಾಗಿ, ಕಾರು ಹೊತ್ತಿ ಉರಿದ ಸುದ್ದಿಗಳು ರಾಜ್ಯದ ಪತ್ರಿಕೆಗಳಲ್ಲಿ ಬಂದಿವೆ. ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡುವುದು ಮೇಲು.

ಪಾದಕ್ಕೆ ಹೊಸ ಪಾಠ ಕಲಿಸಲು ಒಂದು ಸುಲಭ ದಾರಿಯಿದೆ. ಮಳೆ ನಿಂತ ಬೆಳಗ್ಗೆ, ಜನವಿಲ್ಲದ ವಿಶಾಲ ಬಯಲು. ಹಿಂದೆ ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಳಗಿದ್ದವರೆಲ್ಲ ಸೀಟ್‌ಬೆಲ್ಟ್ ಕಟ್ಟಿ, 30 ಕಿ.ಮೀ. ವೇಗದಲ್ಲಿ ಹೋಗಿ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯುವುದು. ಮಕ್ಕಳು ಮೊದಲ ಸಲಕ್ಕೇ ಹಿಡಿಯುತ್ತಾರೆ. ಕಷ್ಟವಾಗುವುದು ತಂದೆಯರಿಗೆ. ಪೆಡಲು ಗಡಗಡ ಎಂದ ಕೂಡಲೇ ಮೂವತ್ತು ವರ್ಷದ ರೂಢಿ ಕಾಲನ್ನು ಮೇಲಕ್ಕೆ ಎಳೆಯುತ್ತದೆ. “ತಗೀಬ್ಯಾಡಪ್ಪಾ, ಒತ್ತಿ ಹಿಡಿ” ಎಂದು ಪಕ್ಕದ ಸೀಟಿನಿಂದ ಹೇಳುವ ಸರದಿ ಈಗ ಮಕ್ಕಳದು. ಎರಡನೆಯ ಸಲವೋ ಮೂರನೆಯ ಸಲವೋ ಕಾಲು ನಿಲ್ಲುತ್ತದೆ.